ಬಿಚ್ಚಲು ಬರುವ ಡಬ್ಬಿ

ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ನಾನು ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳ ನಕ್ಷೆ ಮಾಡುತ್ತೇನೆ. ಬಸವಕಲ್ಯಾಣದಲ್ಲಿ ನನ್ನ ಗಂಡ ಅದೇ ಪಂಪುಗಳನ್ನು ರಿಪೇರಿ ಮಾಡುತ್ತಾನೆ. ನಾನು ಕೂಡಿಸುವುದು, ಅವನು ಬಿಚ್ಚುವುದು. ಹೀಗೇ ನಮ್ಮ ಸಂಸಾರ ನಡೆದಿತ್ತು.

ಹೋದ ವರ್ಷ ಕಾರ್ಖಾನೆಗೆ ಹೊಸ ಮಷಿನ್ ಬಂತು. ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಕಣ್ಣು ಮಿಟುಕಿಸುವುದರಲ್ಲಿ ಬೆಸೆದುಬಿಡುತ್ತದೆ, ಸ್ಕ್ರೂ ಬೇಡವೇ ಬೇಡ. ನಮ್ಮ ಸಾವ್ಕಾರರು ಹಿಗ್ಗಿ ಹೀರೇಕಾಯಿಯಾದರು. ಪಂಪಿನ ಮೋಟರ್ ಕೂರುವ ಡಬ್ಬಿಯನ್ನು ಇನ್ನು ಬೆಸೆದೇ ಮಾರೋಣ ಎಂದರು. ಒಳಗೊಂದು ರಬ್ಬರ್ ಹರಿದರೂ ಇಡೀ ಡಬ್ಬಿ ತಿಪ್ಪೆಗೆ ಹೋಗುತ್ತದೆ ಎಂದೆ, ಸ್ಕ್ರೂ ಇರುವ ನನ್ನ ನಕ್ಷೆ ತೋರಿಸಿದೆ. ಕೇಳಬೇಕಲ್ಲ!

ಮನೆಗೆ ಬಂದು ಗಂಡನಿಗೆ ಹೇಳಿದರೆ, "ಛಲೋ ಆತು ಬಿಡು. ನೀ ದುಡಕೊಂಡು ಬಾ, ನಾ ಮನ್ಯಾಗ ರೊಟ್ಟಿ ಬಡೀತೀನಿ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನ ಅಂಗಡಿ ಮುಚ್ಚಿಸುವ ಡಬ್ಬಿಯನ್ನು ನನ್ನ ಕೈಯಿಂದಲೇ ಮಾಡಿಸುತ್ತಿದ್ದಾರಲ್ಲ!

ಅಷ್ಟರಲ್ಲಿ ಆಯುಧಪೂಜೆಯ ಖಂಡೇನವಮಿ ಬಂತು. ಆ ದಿನ ಸಾವ್ಕಾರರ ತಾಯಿ ಕಾರ್ಖಾನೆಗೆ ಬರುತ್ತಾರೆ. ಯಂತ್ರಕ್ಕೆ ಸುಮ್ಮನೆ ಮೇಲೊಂದು ಹೂ ಇಟ್ಟರೆ ಅವ್ವಾರಿಗೆ ಆಗದು. ಬಿಚ್ಚಿ, ಒಳಗೆ ಒರೆಸಿ, ಆಮೇಲೆ ಕುಂಕುಮ. ಬೆಸೆದ ಹೊಸ ಡಬ್ಬಿ ಮೇಜಿನ ಮೇಲಿತ್ತು. ಮರುದಿನ ಬರುವ ಕಲಬುರಗಿಯ ವ್ಯಾಪಾರಿಗೆ ತೋರಿಸಲು ಇದ್ದದ್ದು ಅದೊಂದೇ. ಅವ್ವಾರು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಇದನ್ನ ಬಿಚ್ಚೋದು ಹ್ಯಾಂಗವ್ವಾ?"

"ಬಿಚ್ಚಾಕ ಬರಂಗಿಲ್ರಿ ಅವ್ವಾರ."

"ಅದ್ಯಾಕ ಬರಂಗಿಲ್ಲ?"

ನಾನು ಹೂ ತರಲು ಹೋಗಿ ಬರುವಷ್ಟರಲ್ಲಿ ಅವ್ವಾರು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಿದ್ದರು. ಡಬ್ಬಿ ಎರಡು ಹೋಳು! ಒಳಗಿನ ಮೋಟರನ್ನು ಸೆರಗಿನಿಂದ ಒರೆಸುತ್ತ ಕೂತಿದ್ದರು.

ಸಾವ್ಕಾರರು ಓಡಿ ಬಂದು ತಲೆ ಮೇಲೆ ಕೈ ಹೊತ್ತರು. "ಯವ್ವಾ, ಏನ್ ಮಾಡಿದಿ! ನಾಳೆ ಏನ್ ತೋರಸ್ಲಿ?"

"ಒಳಗ ಒರಸದ ಕುಂಕುಮ ಹಚ್ಚಲೇನು?" ಅವ್ವಾರು ಮಗನನ್ನೇ ಗದರಿಸಿದರು. "ನಾಳೆ ಇದು ಕೆಟ್ರ ಮಂದಿನೂ ಹಿಂಗ ಸುತ್ಗಿ ಹಿಡೀಬೇಕೇನು?"

ಒಡೆದ ಅಂಚನ್ನು ಮಷಿನ್ ಮತ್ತೆ ಬೆಸೆಯಲಿಲ್ಲ. ಡಬ್ಬಿಯ ಅಚ್ಚು ತಿದ್ದುಪಡಿಗೆಂದು ಹೈದರಾಬಾದಿಗೆ ಹೋಗಿತ್ತು, ಇನ್ನೊಂದು ಡಬ್ಬಿ ತೆಗೆಯುವಂತಿರಲಿಲ್ಲ. "ನನ್ನ ನಕ್ಷೆ ಅದ ಅಲ್ರಿ," ಎಂದೆ. ಸಾವ್ಕಾರರು ದುರುಗುಟ್ಟಿ ನೋಡಿ ಹೂಂ ಅಂದರು. ಮಾದರಿ ಮಾಡುವ ತ್ರೀಡಿ ಪ್ರಿಂಟರ್ ಸಂಜೆಯೊಳಗೆ ನನ್ನ ಡಬ್ಬಿಯನ್ನು ಪದರಪದರವಾಗಿ ಎಬ್ಬಿಸಿಕೊಟ್ಟಿತು. ಆ ಪ್ರಿಂಟರಿಗೂ ಕೈಮುಗಿದೆ.

ಮರುದಿನ ವ್ಯಾಪಾರಿ ತಾನೇ ಸ್ಕ್ರೂ ತಿರುಗಿಸಿ ಒಳಗೆ ಇಣುಕಿದರು. "ಸಾಮಾನು ಬಿಡಿಬಿಡಿ ಸಿಗ್ತಾವೇನ್ರಿ?"

ಸಾವ್ಕಾರರು ನನ್ನ ಮುಖ ನೋಡಿ, "ಸಿಗ್ತಾವ್ರಿ," ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಅವ್ವಾರ ಸುತ್ತಿಗೆಗೆ ಅದಕ್ಕಿಂತ ಹೆಚ್ಚು.

ಈ ಸಲ ಮಳೆ ಹಿಡಿದ ಮೇಲೆ ಒಂದು ಭಾನುವಾರ ಗಂಡನ ಅಂಗಡಿಯಲ್ಲಿ ಕೂತಿದ್ದೆ. ಹುಲಸೂರಿನ ರೈತರೊಬ್ಬರು ಸ್ಕ್ರೂ ಡಬ್ಬಿಯ ನಮ್ಮ ಹೊಸ ಪಂಪು ತಂದರು. ಗಂಡ ಡಬ್ಬಿ ಬಿಚ್ಚಿ, ರಬ್ಬರ್ ಬದಲಿಸಿ, ಮುಚ್ಚಿ, ಗುಂಡಿ ಒತ್ತಿದ. ನೀರು ಚಿಮ್ಮಿತು.

"ಭಾಳ ಸಲೀಸ ಬಿಚ್ಚಿದ್ರಲ್ಲ," ಎಂದರು ರೈತರು.

"ಬಿಚ್ಚಾಕ ಬರೂಹಂಗ ಮಾಡಿದಾಕಿ ಇಲ್ಲೇ ಕುಂತಾಳ ನೋಡ್ರಿ," ಎಂದು ಗಂಡ ನನ್ನ ಕಡೆ ಕೈ ಮಾಡಿದ. "ನನ್ನ ಹೆಂಡ್ತಿ."