ಅವ್ವನ ಬಾಯಲ್ಲಿ ಬಂದ ಹೆಸರು

ಮೊದಲು ಕಾಣದಾದದ್ದು ಒಂದು ಮುದುಕಿಯ ಅರ್ಧ ಮುಖ.

ಬಸ್ಸು ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದ ಕಡೆ ಹೊರಟಿತ್ತು. ನಾನು ಕಂಡಕ್ಟರ್. ಟಿಕೆಟ್ ಕೊಡುತ್ತ ಮುಂದೆ ಬಂದೆ. ಆ ಮುದುಕಿಯ ಮುಖದ ಬಲಬದಿ ಇರಲೇ ಇಲ್ಲ. ಅಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣುಗುತ್ತ ಅಗಲವಾಗುತ್ತಿತ್ತು. ‘ಎಲ್ಲಿಗ್ರಿ ಅಜ್ಜಿ’ ಎನ್ನಲು ಬಾಯಿ ತೆರೆದೆ. ‘ಬಾಗಿಲ’ ಎಂದೆ. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ.

ನನ್ನ ಬಾಯಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರು.

ಮುದುಕಿ ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನಾನು ಸಣ್ಣವಳಿದ್ದಾಗ ತವರೂರು ಡೋಣಿಯಲ್ಲಿ ಜನ ನಮ್ಮ ಅವ್ವನನ್ನು ಹಾಗೆ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು, ಮಾತೂ ಬಂತು. ಆಮೇಲೆ ನೋವು. ಎಡಗಣ್ಣಿನ ಹಿಂದೆ ಗೂಟ ಬಡಿದ ಹಾಗೆ. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಪಿತ್ತ ಇರಬೇಕೆಂದು ಡ್ರೈವರ್ ಅಣ್ಣ ಸೋಡಾ ತಂದುಕೊಟ್ಟರು. ನಾನೂ ಹೌದೆಂದೆ.

ಆಗ ನನಗೆ ನಲವತ್ತಾರು. ಮುಟ್ಟು ಹದ ತಪ್ಪಿತ್ತು. ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಬಂದಾಗೆಲ್ಲ ಅದರ ಹಿಂದೆಮುಂದೆ ಈ ನೋವು. ಡೀಸೆಲ್ ವಾಸನೆ ತಡೆಯಲಾಗುತ್ತಿರಲಿಲ್ಲ. ಒಗ್ಗರಣೆ ಸಿಡಿದರೆ ತಲೆಯೊಳಗೇ ಸಿಡಿದಂತೆ. ಮಗಳು ಸವಿತಾ ಸದ್ದಾಗದಂತೆ ಪಾತ್ರೆ ತೊಳೆಯುವುದನ್ನು ಕಲಿತಳು. ಮನೆಯವರು ಟೀವಿ ಹಚ್ಚುವುದನ್ನೇ ಬಿಟ್ಟರು. ತಲೆನೋವೆಂದು ಇಬ್ಬರಿಗೂ ಹೇಳಿದ್ದೆ. ಮಾತು ತಪ್ಪುವುದನ್ನು ಹೇಳಿರಲಿಲ್ಲ.

ಹೇಳಲು ಹೆದರಿಕೆ. ಅವ್ವನಿಗೂ ಹೀಗೆ ಆಗುತ್ತಿತ್ತು. ತಲೆಗೆ ಸೀರೆಯ ಚುಂಗು ಬಿಗಿದು ಕತ್ತಲ ಕೋಣೆಯಲ್ಲಿ ಬೀಳುತ್ತಿದ್ದಳು, ಅಡ್ಡಾದಿಡ್ಡಿ ಮಾತಾಡುತ್ತಿದ್ದಳು. ಗಾಳಿ ಸೋಕಿದೆ ಎಂದರು ಊರವರು. ದೆವ್ವ ಬಿಡಿಸುವವನನ್ನು ಅಪ್ಪ ಕರೆಸಿದ. ಆತ ಮೆಣಸಿನಕಾಯಿ ಹೊಗೆ ಹಾಕಿ, ಬೇವಿನ ಟೊಂಗೆಯ ಬರಲಿನಿಂದ ಹೊಡೆಯುತ್ತ ನೀನು ಯಾರೆಂದು ಕೇಳಿದ. ‘ನಾ ನೀಲವ್ವ’ ಅಂದಳು ಅವ್ವ. ಅದು ಅವಳದೇ ಹೆಸರು. ಅದಕ್ಕೂ ಹೊಡೆದ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕೊನೆಗೆ ಅವ್ವ ಬೇರೆ ದನಿಯಲ್ಲಿ ಹೇಳಿದಳು: ‘ನಾ ಶಾಂತವ್ವ.’

ಶಾಂತವ್ವ ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಬಾಣಂತನದಲ್ಲಿ ತೀರಿಕೊಂಡವಳು.

ಸತ್ತವಳೊಬ್ಬಳು ಅವ್ವನೊಳಗೆ ಬಂದುಹೋದಳೆಂದು ಇಷ್ಟು ವರ್ಷ ನಂಬಿದ್ದೆ. ಬಸ್ಸಿನಲ್ಲಿ ನಾಲಗೆ ತಪ್ಪಿದ ದಿನದಿಂದ, ಈಗ ನನ್ನ ಸರದಿ ಎಂದು ಕಾಯತೊಡಗಿದೆ. ಕನ್ನಡಿ ಎದುರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನೋವಿಗೆ ಮುಂಚೆ ಸವಿತಾ ಏನಾದರೂ ಕೇಳಿದರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದೆ. ಒಂದು ದಿನ ಆ ಸೆರಗನ್ನು ಅವಳೇ ಸರಿಸಿದಳು. ನನ್ನ ತೊದಲು ಕೇಳಿ, ಅವತ್ತೇ ತನ್ನ ಅಪ್ಪನನ್ನು ಹೊರಡಿಸಿಕೊಂಡು ನನ್ನನ್ನು ಗದಗಿಗೆ ಕರೆದೊಯ್ದಳು.

ಎಂಆರ್‌ಐ ನಾರ್ಮಲ್ ಬಂತು. ಇದು ಮೈಗ್ರೇನ್, ಔರಾ ಇರುವ ಬಗೆ ಎಂದರು ಡಾಕ್ಟರಮ್ಮ. ಕಣ್ಣಿಗೆ ಬೆಳಕು ಕಾಣುವುದು, ಮಾತು ತಪ್ಪುವುದು ಎರಡೂ ಅದರದೇ ಲಕ್ಷಣ. ಮುಟ್ಟು ನಿಲ್ಲುವ ಕಾಲಕ್ಕೆ ಹಾರ್ಮೋನ್ ಏರಿಳಿದು ಕೆಲವರಿಗೆ ಹೀಗೆ ಜೋರಾಗುತ್ತದಂತೆ. ಆಮೇಲೆ ಕೇಳಿದರು:

‘ನಿಮ್ಮ ತಾಯಿಗೂ ಇತ್ತೇನ್ರಿ?’

ಅಳು ಬಂತು. ಮನೆಯವರು ಗಾಬರಿಯಾಗಿ ನೀರು ತರಲು ಎದ್ದರು.

ಮುಂದಿನ ವಾರ ಡೋಣಿಗೆ ಹೋದೆ. ಅವ್ವ ಈಗ ನನ್ನ ತಮ್ಮನ ಸಂಸಾರದ ಜೊತೆಗಿದ್ದಾಳೆ. ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಮೊರದ ಮೇಲೆ ಅವಳ ಕೈ ನಿಂತಿತು.

‘ಬೆಳಕ ಹಲ್ಲ ಹಲ್ಲ ಆಗಿ ಕಾಣತೈತೇನು?’

‘ಹೌದವ್ವಾ.’

ಮೊರದಿಂದ ಒಂದು ಹರಳು ಆರಿಸಿ ಎಸೆದಳು. ಆಮೇಲೆ ಕಾಳು ನೋಡುತ್ತಲೇ ಹೇಳಿದಳು: ‘ಅವತ್ತ ನನ್ನ ಮೈಯಾಗ ಯಾರೂ ಬಂದಿದ್ದಿಲ್ಲ. ನಾ ನೀಲವ್ವ ಅಂದಷ್ಟೂ ಹೊಡದ. ಸತ್ತವ್ರ ಹೆಸರ ಹೇಳಿದ್ರ ಬಿಡ್ತಾನ ಅಂತ ತಿಳೀತು. ಶಾಂತಕ್ಕನ ಹೆಸರ ಹೇಳಿದೆ.’

ಅವನು ಬಿಟ್ಟ.

ಅಂದಿನಿಂದ ಅವ್ವ ತಲೆನೋವೆಂದು ಯಾರಿಗೂ ಹೇಳಲಿಲ್ಲವಂತೆ. ಬೆಳಕು ಕಾಣಿಸಿದರೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುವಳು. ನೋವಿನಲ್ಲೇ ರೊಟ್ಟಿ ಬಡಿದಳು, ಹೊಲಕ್ಕೆ ಬುತ್ತಿ ಹೊತ್ತಳು. ಮುಟ್ಟು ನಿಂತ ಮೇಲೆ ನೋವು ತಾನಾಗಿಯೇ ಬಿಟ್ಟುಹೋಯಿತು. ವಾಸಿ ಮಾಡಿದ ಹೆಸರು ಮಾತ್ರ ಬೇವಿನ ಬರಲಿಗೆ ಬಂತು. ಪಾಪದ ಶಾಂತಕ್ಕನನ್ನು ದೆವ್ವ ಮಾಡಿದೆನಲ್ಲ ಎಂದು ಅಮಾವಾಸ್ಯೆಗೊಮ್ಮೆ ಅವಳ ಹೆಸರಿನಲ್ಲಿ ಎಡೆ ಇಡುತ್ತ ಬಂದಿದ್ದಾಳೆ. ಆ ಎಡೆಯನ್ನು ನಾವೆಲ್ಲ ಹೆದರಿಕೆಯ ಎಡೆ ಎಂದುಕೊಂಡಿದ್ದೆವು.

‘ಹಂಗಾರ ನನಗೂ ಗುಳಿಗಿ ಕೊಟ್ಟಿದ್ರ ಸಾಕಾಗತಿತ್ತನ?’ ಎಂದು ಕೇಳಿದಳು.

ಅವಳ ಮುಂದಿನ ಮೊರ ಎಳೆದುಕೊಂಡು ನಾನೇ ಕಾಳು ಆರಿಸತೊಡಗಿದೆ.

ನಾನು ದಿನಾ ಗುಳಿಗೆ ತಗೊಳ್ಳುತ್ತೇನೆ. ಅದರಿಂದ ಕೈಕಾಲು ತಣ್ಣಗಾಗುತ್ತವೆ, ಸುಸ್ತು ಬೇಗ. ನೋವು ಕಡಿಮೆಯಾಗಿದೆ, ಹೋಗಿಲ್ಲ. ಡಿಪೋದಲ್ಲಿ ಸಾಹೇಬರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಸದ್ಯಕ್ಕೆ ಬಸ್‌ಸ್ಟ್ಯಾಂಡಿನಲ್ಲೇ ಕೆಲಸ ಕೊಟ್ಟಿದ್ದಾರೆ. ಕಾಯಿಲೆಯ ಹೆಸರು ಗೊತ್ತಾದರೂ ಹೆದರಿಕೆ ಪೂರ್ತಿ ಹೋಗಿಲ್ಲ. ಮಾತು ಜಾರಿದ ಆ ಕೆಲವು ನಿಮಿಷ, ಮರಳಿ ಬರುವುದು ನಾನೇ ಹೌದೋ ಅಲ್ಲವೋ ಎಂದು ಒಳಗೆ ಯಾರೋ ಕೇಳುತ್ತಲೇ ಇರುತ್ತಾರೆ.

ಮೊನ್ನೆ ಡೋಣಿಯಲ್ಲಿದ್ದಾಗ ಮಧ್ಯಾಹ್ನ ಕಣ್ಣಲ್ಲಿ ಬೆಳಕು ಶುರುವಾಯಿತು, ಮಾತೂ ತಪ್ಪಿತು. ಅವ್ವ ಕಿಟಕಿ ಮುಚ್ಚಿ, ಗುಳಿಗೆ ನುಂಗಿಸಿ, ಹೊಸ್ತಿಲ ಮೇಲೆ ಕೂತಳು. ಪಕ್ಕದ ಮನೆಯ ಹೆಂಗಸು ಬಂದು, ಮಗಳಿಗೆ ಏನಾಗಿದೆ, ಯಾಕೆ ಹೀಗೆ ತೊದಲುತ್ತಾಳೆ ಎಂದು ಕೇಳಿದಳು. ನಾನು ಹಾಸಿಗೆಯಲ್ಲೇ ಬಾಯಿಗೆ ಸೆರಗು ಅಡ್ಡ ಹಿಡಿದೆ.

‘ತಲಿಶೂಲಿ ಐತಿ,’ ಎಂದಳು ಅವ್ವ. ದನಿ ತಗ್ಗಿಸಲಿಲ್ಲ. ‘ನನಗೂ ಇತ್ತು. ಮಲಗ್ಯಾಳ, ಆಮ್ಯಾಲ ಬಾ.’