ಉಳುಕು ತೆಗೆಯುವವನ ಉಂಗುರಬೆರಳು

ಕಾನಹೊಸಹಳ್ಳಿಯ ಹುಲುಗಣ್ಣ ಕಾಲು ಮುಂದಾಗಿ ಹುಟ್ಟಿದವನು. ಮಿಕ್ಕವರೆಲ್ಲ ತಲೆ ತಗ್ಗಿಸಿಕೊಂಡು ಈ ಲೋಕಕ್ಕೆ ಬಂದರೆ ಈತ ಕದ ಒದ್ದುಕೊಂಡೇ ಬಂದ. ಹಾಗೆ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂಬುದು ಆ ಸೀಮೆಯ ನಂಬಿಕೆ. ನಲವತ್ತು ವರ್ಷಗಳಿಂದ ಸುತ್ತಲ ಹಳ್ಳಿಗಳ ಸೊಂಟ, ಬೆನ್ನುಗಳೆಲ್ಲ ಅವನ ಹೊಸ್ತಿಲ ಮೇಲೆ ಬೋರಲು ಮಲಗಿ, ಅವನ ಎಡಗಾಲಿನಿಂದ ಹಗುರವಾಗಿ ಒದೆಸಿಕೊಂಡು, ಕೈಮುಗಿದು ಹೋಗಿವೆ. ಒಬ್ಬ ಪೊಲೀಸ್ ಪೇದೆಯನ್ನು ಹಾಡಹಗಲೇ ಒದ್ದು, ಅವನಿಂದಲೇ ನಮಸ್ಕಾರ ಪಡೆದವನು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಇಂಥ ಮಹಾನುಭಾವನ ಬಲಗೈ ಉಂಗುರಬೆರಳಿನ ಗೆಣ್ಣು ಉಳುಕಿತು.

"ಎಮ್ಮಿ ಹಗ್ಗ ಜಗ್ಗಿಬಿಡ್ತು ನೋಡ್ರಿ," ಎಂದು ಅವನು ಕೂಡ್ಲಿಗಿಯ ಡಾಕ್ಟರ್ ರಮಾ ಅವರಿಗೆ ಯುದ್ಧದ ವರದಿ ಒಪ್ಪಿಸಿದ.

"ಎಮ್ಮಿ ಅಲ್ರಿ ಮೇಡಂ, ಎಂಟು ದಿನದ ಕರ," ಎಂದಳು ಹೆಂಡತಿ ಹೊನ್ನೂರಮ್ಮ.

ಡಾಕ್ಟರು ನೊಂದ ಬೆರಳನ್ನು ಪಕ್ಕದ ನಡುಬೆರಳಿಗೆ ಜೋಡಿಸಿ ಪಟ್ಟಿ ಸುತ್ತಿದರು. ಮೂರು ವಾರ ಬಿಚ್ಚಕೂಡದು. ಹುಲುಗಣ್ಣನಿಗೆ ನೋವಿಗಿಂತ ಪಟ್ಟಿಯದೇ ದೊಡ್ಡ ಭಯ. ಉಳುಕು ತೆಗೆಯುವವನೇ ಉಳುಕಿಸಿಕೊಂಡು ಕೂತಿದ್ದಾನೆಂದರೆ ಇನ್ನು ಆ ಹೊಸ್ತಿಲು ತುಳಿಯುವವರು ಯಾರು? ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕೈಯನ್ನು ಟವೆಲ್ಲಿನೊಳಗೆ ಅಡಗಿಸಿಕೊಂಡೇ ಇದ್ದ.

ಮೂರನೇ ದಿನ ಹತ್ತಿರದ ಅರಸೀಕೆರೆ ಹಳ್ಳಿಯಿಂದ ಒಂದು ಸೊಂಟ ಬಂತು. ಹುಲುಗಣ್ಣ ಒಳಗೋಡಿ ಪಟ್ಟಿ ಕಿತ್ತೆಸೆದು, ಏನೂ ಆಗದವನಂತೆ ಬಂದು ಒದ್ದ. ಸಂಜೆಗೆ ಬೆರಳು ಮೆಣಸಿನಕಾಯಿ ಬಜ್ಜಿಯಷ್ಟು ಊದಿತು. ಡಾಕ್ಟರು ಮತ್ತೆ ಪಟ್ಟಿ ಸುತ್ತಿ, ಲೆಕ್ಕ ಮೊದಲಿಂದ ಎಂದರು. ವಾರದ ಮೇಲೆ ಇಟ್ಟಿಗಿ ಊರಿನಿಂದ ಒಂದು ಬೆನ್ನು ಬಂತು. ಮತ್ತೆ ಪಟ್ಟಿ ಹೋಯಿತು, ಮತ್ತೆ ಬಜ್ಜಿ, ಮತ್ತೆ ಕೂಡ್ಲಿಗಿ ಬಸ್ಸು.

"ಊರವರನ್ನೆಲ್ಲ ಒದ್ದು ಸೀದಾ ಮಾಡ್ತೀರಿ. ಉಳುಕಿದ ನಿಮ್ಮ ಕೈಬಟ್ಟನ್ನೂ ಒಂದು ಸಲ ಒದ್ಕಳ್ರಿ," ಎಂದಳು ಹೊನ್ನೂರಮ್ಮ, ರೊಟ್ಟಿ ಚೂರು ಮಾಡಿ ಅವನ ತಟ್ಟೆಗೆ ಹಾಕುತ್ತ.

"ನಗಬ್ಯಾಡಲೇ!"

ಅವನು ರೇಗಿದನೇನೋ ನಿಜ. ಆದರೆ ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಯ ಹಿಂದೆ ಯಾರೂ ಇಲ್ಲದ್ದು ನೋಡಿ, ಬಲಗೈಯನ್ನು ನೆಲಕ್ಕೂರಿ, ಎಡಗಾಲನ್ನು ಎತ್ತಿ ಗುರಿ ಹಿಡಿದ. ಕಾಲು ಬೆರಳನ್ನು ಮುಟ್ಟುವ ಮೊದಲೇ ಪೃಷ್ಠ ಸಗಣಿಯನ್ನು ಮುಟ್ಟಿತು. ಇಡೀ ಸಾಹಸವನ್ನು ಕಂಡದ್ದು ಕರು ಒಂದೇ.

ಅವನು ಇನ್ನೂ ಧೋತರ ಕೊಡವುತ್ತಿದ್ದಾಗಲೇ ಅದೇ ಊರಿನ ದ್ಯಾಮಕ್ಕ ಬಂದಳು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಸೊಂಟ ಹಿಡಿದುಕೊಂಡಿತ್ತು. ಹುಲುಗಣ್ಣ ಪಟ್ಟಿ ಕಿತ್ತು ಅಂಗಿಯ ಜೇಬಿಗೆ ತುರುಕಿ, ಬಾಗಿಲ ಚೌಕಟ್ಟನ್ನು ಬಲಗೈಯಿಂದ ಹಿಡಿದು, ಕಾಲೆತ್ತಿ ಒದ್ದ. ಮೈಭಾರವೆಲ್ಲ ಬೆರಳಿನ ಮೇಲೆ ಬಿತ್ತು.

"ಸತ್ನೋ ಯಪ್ಪಾ!" ಎಂದು ಚೀರಿದ್ದು ಹುಲುಗಣ್ಣ.

ದ್ಯಾಮಕ್ಕ ಗಾಬರಿಯಿಂದ ತಿರುಗಿದಳು. "ಒದೆ ತಿಂದಾಕಿ ನಾನು. ನೀ ಯಾಕ ಒದರ್ತೀಯೋ ಯಣ್ಣಾ?" ಅಷ್ಟರಲ್ಲಿ ಅವಳ ಕಣ್ಣು ಬೆರಳಿನ ಮೇಲೆ ಬಿತ್ತು. "ಅಯ್ಯ, ಇದೇನು! ಉಳುಕೈತಲ್ಲ!"

ನಲವತ್ತು ವರ್ಷದ ಕೀರ್ತಿ ಹೊಸ್ತಿಲ ಮೇಲೆ ಉರುಳಿತು ಎಂದುಕೊಂಡು ಹುಲುಗಣ್ಣ ಕಣ್ಣು ಮುಚ್ಚಿದ.

"ಪಟ್ಟಿ ಕಟ್ಟಿಸ್ಕಂಡು ಸುಮ್ನ ಇರಬಾರ್ದಾ?" ಎಂದಳು ದ್ಯಾಮಕ್ಕ.

"ಜನ ಏನಂತಾರವ್ವ? ಮತ್ಯಾರು ಬರ್ತಾರ?"

"ನಿನ್ನ ಕೈ ಯಾರಿಗೆ ಬೇಕಾಗೈತಿ? ನಾವು ಬರೋದು ಕಾಲಿಗೆ. ಕಾಲು ನೆಟ್ಟಗೈತಿಲ್ಲೋ?"

ಹುಲುಗಣ್ಣನಿಗೆ ಇದು ಸಮಾಧಾನವೋ ಅವಮಾನವೋ ತಿಳಿಯಲಿಲ್ಲ. ಅಂದರೆ ಇಷ್ಟು ವರ್ಷ ಊರು ಕೈಮುಗಿದದ್ದೆಲ್ಲ ಮೊಣಕಾಲಿನ ಕೆಳಗಿನ ತುಂಡಿಗೆ. ಅದರ ಮೇಲಿದ್ದ ಗಂಡಸು ಬರೀ ಹಿಡಿಕೆ! ಸಿಟ್ಟಿನಿಂದ ಜೇಬಿನ ಪಟ್ಟಿ ತೆಗೆದು, ಚೀರಾಟ ಕೇಳಿ ಹೊರಬಂದಿದ್ದ ಹೆಂಡತಿಯ ಕೈಗೆ ತುರುಕಿದ.

"ಸುತ್ತಲೇ ಹೊನ್ನೂರಿ. ಇಲ್ಲೇ, ಬೀದಿಗೆ ಕಾಣೋ ಹಂಗ ಸುತ್ತು."

"ಇನ್ನೊಂದು ಸಲ ಕಿತ್ರ?"

"ಕೀಳಂಗಿಲ್ಲ. ಕೈ ಯಾರಿಗೂ ಬ್ಯಾಡಂತ ಹೇಳಿದ್ರಲ್ಲ," ಎಂದು ಗೊಣಗುತ್ತ, ಎರಡು ಬೆರಳುಗಳನ್ನೂ ಚಾಚಿ ಕಟ್ಟೆಯ ಮೇಲೆ ಕುಳಿತ.