ಕಂಪ್ಯೂಟರ್ ಏಳಲು ಎಷ್ಟು ಕವಳ

ನಮ್ಮ ಹಾಲಿನ ಡೇರಿಯ ಗೋಡೆಯ ಮೇಲಿರುವುದನ್ನು ಗ್ರಾಫ್ ಎಂದು ಮೊದಲು ಕರೆದವನು ಶಿರಸಿಯಿಂದ ಬಂದ ರಿಪೇರಿಯ ಪವನ್. ಅಲ್ಲಿಯವರೆಗೆ ನಾನು ಅದನ್ನು ಹೊಲಸು ಎಂದೇ ಕರೆಯುತ್ತಿದ್ದೆ. ಸಿಟ್ಟು ಬಂದ ದಿನ ಈಗಲೂ ಹಾಗೇ ಕರೆಯುತ್ತೇನೆ. ಡೇರಿಯ ಕಾರ್ಯದರ್ಶಿ ನಾನು. ಆ ಗೋಡೆಗೆ ಬಣ್ಣ ಹೊಡೆಸಿ ಎಂದು ಸಮಿತಿಯ ಮುಂದೆ ಗಂಟಲು ಹರಿದುಕೊಂಡವಳೂ ನಾನೇ. ಬಣ್ಣ ಸರಿಯಾಗಿ ಒಣಗುವ ಮೊದಲೇ ಅದರ ಮೇಲೆ ಸುಣ್ಣದ ಬೆರಳು ಒರೆಸಿದವನು ಹುಚ್ಚಣ್ಣ.

ಹುಚ್ಚ ನಾಯ್ಕ ಎಂಬುದು ಹೆಸರು ಅಷ್ಟೇ, ತಲೆ ನೆಟ್ಟಗಿದೆ. ಅವನಿಗಿಂತ ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವಂತೆ, ಇವನ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂದು ಅವನ ಅಬ್ಬೆ ಆ ಹೆಸರಿಟ್ಟಳು. ಹೆಗ್ಗರಣೆ ಕಡೆಯ ನಮ್ಮೂರಿನಲ್ಲಿ ಅವನಿಗೆ ಒಂದಿಷ್ಟು ಗದ್ದೆ, ಎರಡು ಎಮ್ಮೆ, ಚೌಡಕ್ಕ ಎಂಬ ಹೆಂಡತಿ, ಮತ್ತು ಸೊಂಟದಲ್ಲಿ ಕವಳದ ಸಂಚಿ. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿಸಿ ಬಾಯಿಗಿಡುವ ಕವಳ ನಮ್ಮ ಕಡೆ ಯಾರು ಹಾಕುವುದಿಲ್ಲ? ಆದರೆ ಹುಚ್ಚಣ್ಣ ಅದರಿಂದ ಲೋಕವನ್ನೇ ಅಳೆಯುತ್ತಿದ್ದ. ಹೆಗ್ಗರಣೆಗೆ ನಡೆದರೆ ಒಂದು ಕವಳ. ಶಿರಸಿಗೆ ಬಸ್ಸಿನಲ್ಲಿ ಮೂರು. ತನ್ನ ಮದುವೆಯ ಮಾತುಕತೆ ಅರ್ಧ ಕವಳದಲ್ಲಿ ಮುಗಿಯಿತೆಂದು ಅವನು ಹೆಮ್ಮೆ ಕೊಚ್ಚುತ್ತಿದ್ದ. ಇನ್ನರ್ಧ ಮುಗಿಯುವವರೆಗೆ ಯೋಚನೆ ಮಾಡಬೇಕಿತ್ತು ಎಂದು ಚೌಡಕ್ಕ ಒಳಗಿನಿಂದ ಉತ್ತರ ಕೊಡುತ್ತಿದ್ದಳು.

ಅವನ ಕವಳಕ್ಕೊಂದು ಹದವಿತ್ತು. ಎಲೆಯ ನಾರು ತೆಗೆಯುವುದು, ಸುಣ್ಣ ಹಚ್ಚುವುದು, ಮಡಚುವುದು, ಆಮೇಲೆ ಎಮ್ಮೆ ಮೆಲುಕು ಹಾಕಿದಂತೆ ಅವಸರವಿಲ್ಲದೆ ಜಗಿಯುವುದು. ಬೆರಳಿನಲ್ಲಿ ಉಳಿದ ಸುಣ್ಣವನ್ನು ಹತ್ತಿರದ ಕಂಬಕ್ಕೋ ಗೋಡೆಗೋ ಒರೆಸುವುದು ಕವಳ ಹಾಕುವವರೆಲ್ಲರ ಹುಟ್ಟುಗುಣ. ಅವನ ಮನೆಯ ಕಂಬಗಳ ಮೂಲ ಬಣ್ಣ ಯಾವುದೆಂದು ಯಾರಿಗೂ ಗೊತ್ತಿಲ್ಲ.

ಹೀಗಿರುವಾಗ ಡೇರಿಗೆ ಕಂಪ್ಯೂಟರ್ ಬಂತು. ಎಲ್ಲಿಯೋ ದುಡಿದು ಮುದಿಯಾದದ್ದನ್ನು ಮೇಲಿನ ಕಚೇರಿಯವರು ನಮಗೆ ದಾಟಿಸಿದ್ದರು. ಹಾಲು ತೂಗಿದ್ದು, ಫ್ಯಾಟ್ ನೋಡಿದ್ದು ಎಲ್ಲ ಅದರಲ್ಲಿ ದಾಖಲಾಗಿ ಚೀಟಿ ಬಂದ ಮೇಲೆಯೇ ಹಾಲನ್ನು ಕ್ಯಾನಿಗೆ ಸುರಿಯಬೇಕೆಂಬುದು ಹೊಸ ನಿಯಮ. ಬೆಳಿಗ್ಗೆ ಬಟನ್ ಒತ್ತಿದರೆ ಪರದೆಯ ಮೇಲೆ ಚುಕ್ಕಿಗಳ ಉಂಗುರವೊಂದು ತಿರುಗಲು ಶುರುಮಾಡುತ್ತಿತ್ತು. ಅದು ತಿರುಗುತ್ತಿತ್ತು, ಊರಿನವರು ಹಾಲಿನ ಪಾತ್ರೆ ಹಿಡಿದು ನೋಡುತ್ತಿದ್ದರು, ಹೊರಗೆ ಹಾಲಿನ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು.

ಸಾಲಿನಲ್ಲಿ ಯಾವತ್ತೂ ಮೊದಲಿಗನಾದ ಹುಚ್ಚಣ್ಣ ಕಾಯುತ್ತ ಒಂದು ಕವಳ ಹಾಕಿ ಬೆರಳನ್ನು ಗೋಡೆಗೆ ಒರೆಸಿದ. ಮರುದಿನ ಅದರ ಪಕ್ಕದಲ್ಲಿ ಒರೆಸಿದ. ಕಂಪ್ಯೂಟರ್ ಇನ್ನಷ್ಟು ನಿಧಾನವಾದ ದಿನ ಎರಡನೆಯ ಕವಳ ಬೇಕಾಯಿತು, ಆ ಸುಣ್ಣವನ್ನು ಮೊದಲಿನದರ ಮೇಲುಗಡೆ ಇಟ್ಟ. ಹೀಗೆ ದಿನಕ್ಕೊಂದು ಸಾಲು, ಕವಳಕ್ಕೊಂದು ಚುಕ್ಕಿ. ಮಳೆಗಾಲ ಮುಗಿಯುವಷ್ಟರಲ್ಲಿ ಸಾಲುಗಳು ಅವನ ತಲೆಯ ಮಟ್ಟಕ್ಕೆ ಬಂದಿದ್ದವು. ನಾನು ಬೈದೆ. ಅವನಿಗೆ ನಾಟಿದ್ದರೆ ತಾನೆ.

"ಕೈಯಲ್ಲಿ ಉಳಿದ ಸುಣ್ಣ ಎಲ್ಲಿ ಒರೆಸೂದು ತಂಗಿ? ನಿನ್ನ ಕಂಪ್ಯೂಟರಿಗಾ?" ಎಂದ.

ಒಂದು ದಿನ ವ್ಯಾನ್ ಕಾಯದೆ ಹೊರಟೇಹೋಯಿತು. ಇಡೀ ಊರು ಹಾಲನ್ನು ಮನೆಗೆ ವಾಪಸು ಹೊತ್ತು ಮೊಸರು ಕಡೆಯಿತು. ನಾನು ಮೇಲಿನ ಕಚೇರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಹೇಳಿದೆ. ನಿಮ್ಮ ಯಂತ್ರ ನಿಧಾನ ಎನ್ನಲು ಪುರಾವೆ ಏನಿದೆ, ಸೂಪರ್‌ವೈಸರ್ ಬಂದು ನೋಡುತ್ತಾರೆ ಎಂದರು. ಅಷ್ಟರಲ್ಲಿ ನಾನೇ ಕರೆಸಿದ ಪವನ್ ಬಂದು ಯಂತ್ರದ ಹೊಟ್ಟೆ ಬಿಚ್ಚಿದ. ಒಳಗಿನ ಡಿಸ್ಕ್ ಮುದಿಯಾಗಿದೆ, ಹೊಸದು ಹಾಕಿದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಏಳುತ್ತದೆ ಎಂದ. ಹೊಸದನ್ನು ಕೊಡಬೇಕಾದವರು ಮೇಲಿನ ಕಚೇರಿಯವರು, ಅವರು ಪುರಾವೆ ಕೇಳುತ್ತಾರೆ ಎಂದೆ. ಆಮೇಲೆ ಕೈ ಒರೆಸಿಕೊಳ್ಳುತ್ತ ಗೋಡೆಯ ಕಡೆ ತಿರುಗಿದವನು ನಿಂತೇಬಿಟ್ಟ.

"ಅಕ್ಕಾ, ಇದು ಗ್ರಾಫು. ಯಾರು ಮಾಡಿದ್ದು? ಇದನ್ನ ಅಳಿಸ್ಬೇಡಿ, ಇದೇ ಪುರಾವೆ."

ಹೊಲಸು ಅಂದಿನಿಂದ ಪುರಾವೆಯಾಯಿತು. ಡೇರಿಯ ಅಧ್ಯಕ್ಷ ಸುಭಾಷ ಗೋಡೆಯ ಮುಂದೆ ಹಗ್ಗ ಕಟ್ಟಿಸಿದ. ಜನ ಹಾಲು ಕೊಟ್ಟು ಮನೆಗೆ ಹೋಗುವುದು ಬಿಟ್ಟು ಗ್ರಾಫ್ ಓದಲು ನಿಂತರು. ಅಮಾವಾಸ್ಯೆಗೆ ಏರುತ್ತದೆ ಎಂದು ಒಬ್ಬ, ಸೋಂದಾ ಮಠದಲ್ಲಿ ಕಾಯಿ ಒಡೆಸಿಕೊಂಡು ಬಂದ ವಾರ ಇಳಿದಿದೆ ಎಂದು ಇನ್ನೊಬ್ಬ. ಗೋಡೆ ನೋಡಿ ನಾಳೆ ಎಷ್ಟು ಹೊತ್ತಿಗೆ ಹಾಲು ಕರೆಯಬೇಕೆಂದು ನಿರ್ಧರಿಸುವವರು ಹುಟ್ಟಿಕೊಂಡರು, ಹೊತ್ತು ತಪ್ಪಿದ ಎಮ್ಮೆಗಳು ಒದೆಯತೊಡಗಿದವು. ಹುಚ್ಚಣ್ಣನಿಗೆ ಊರಿನವರೇ ಎಲೆ ಅಡಿಕೆ ತಂದುಕೊಡುತ್ತಿದ್ದರು. ಚಳಿಜ್ವರ ಬಂದ ದಿನವೂ ಕಂಬಳಿ ಹೊದಿಸಿ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ತಂದರು. ಅವನು ನಡುಗುವ ಬೆರಳಿನಿಂದ ಇಟ್ಟ ಚುಕ್ಕಿಗಳು ಇಂದಿಗೂ ವಕ್ರವಾಗಿವೆ. ಮುದಿ ವಯಸ್ಸಿನಲ್ಲಿ ಸಿಕ್ಕ ಮರ್ಯಾದೆ, ಅವನು ಎದೆ ಉಬ್ಬಿಸಿ ನಡೆಯುತ್ತಿದ್ದ.

ಒಂದು ಮಧ್ಯಾಹ್ನ ಚೌಡಕ್ಕ ಡೇರಿಗೆ ಬಂದಳು. ಅವಳು ಜೋರು ಬಾಯಿಯ ಹೆಂಗಸು, ಬರುವ ಮೊದಲೇ ಅವಳ ಸ್ವರ ಬರುತ್ತದೆ. ಅಂದು ಸ್ವರವಿರಲಿಲ್ಲ. ಹುಚ್ಚಣ್ಣನಿಗೆ ಸಾರು ಅನ್ನ ಉಂಡರೂ ಬಾಯಿ ಉರಿಯುತ್ತಿತ್ತಂತೆ. ಶಿರಸಿಯ ಡಾಕ್ಟರು ಕೆನ್ನೆಯ ಒಳಗೆ ಬಿಳಿ ಪಟ್ಟೆ ತೋರಿಸಿ, ಇವತ್ತೇ ಕವಳ ಬಿಟ್ಟರೆ ವಾಸಿಯಾದೀತು, ಬಿಡದಿದ್ದರೆ ಕೆಟ್ಟದಕ್ಕೆ ತಿರುಗುತ್ತದೆ ಎಂದಿದ್ದರು. ತಿಂಗಳು ಬಿಟ್ಟು ಮತ್ತೆ ತೋರಿಸಬೇಕಂತೆ. ಆದರೆ ಇವನು, ಸಾಹೇಬರು ಬರುವವರೆಗೆ ಗ್ರಾಫ್ ನಿಲ್ಲಬಾರದು, ಊರಿನ ಹಾಲಿನ ಪ್ರಶ್ನೆ ಎನ್ನುತ್ತಿದ್ದನಂತೆ.

"ರಾತ್ರೆಲ್ಲ ಎದ್ದು ಕೂತು ಇವರ ಬಾಯಿಯೇ ನೋಡ್ತೆ ತಂಗಿ. ಕಣ್ಣು ಮುಚ್ಚೂಕೆ ಹೆದ್ರಿಕೆ ಆತದೆ," ಎಂದಳು.

ನಾನು ಅಂದೇ ಸಮಿತಿ ಕರೆಸಿದೆ. ಮನುಷ್ಯನ ಬಾಯಿ ಹೋಗುತ್ತಿದೆ, ಅಳತೆ ನಿಲ್ಲಿಸಿ ಎಂದೆ. ಸುಭಾಷ ಗಂಭೀರವಾಗಿ ತಲೆ ಆಡಿಸಿ, ಹಾಗಾದರೆ ಬದಲಿ ಬಾಯಿ ಹುಡುಕೋಣ ಎಂದ. ಹುಡುಕಿದರು! ತಿಮ್ಮನನ್ನು ಕೂರಿಸಿ ನೋಡಿದರು, ಅವನು ಇಟ್ಟ ಕೂಡಲೇ ಜಗಿದು ಉಗಿಯುವವನು, ಗ್ರಾಫ್ ಒಂದೇ ದಿನಕ್ಕೆ ಮಾಡಿನ ಹೆಂಚು ಮುಟ್ಟುತ್ತದೆ. ಇನ್ನೊಬ್ಬನಿಗೆ ಹಲ್ಲಿಲ್ಲ, ಕುಟ್ಟಿಕೊಂಡು ಹಾಕುತ್ತಾನೆ, ಅವನ ಕವಳ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಹುಚ್ಚಣ್ಣನ ಹದ ಯಾರಿಗೂ ಇಲ್ಲ ಎಂದು ನಿರ್ಣಯವಾಯಿತು. ಹುಚ್ಚಣ್ಣನೂ ಅದನ್ನು ಕೇಳಿ ಮೀಸೆಯಡಿ ನಕ್ಕ. ಆ ನಗು ನೋಡಿ ನನಗೆ ಹಾಲಿನ ಕ್ಯಾನ್ ಎತ್ತಿ ಅವನ ತಲೆಯ ಮೇಲೆ ಹಾಕೋಣ ಅನ್ನಿಸಿತು. ಸಾಹೇಬರು ಬರುವವರೆಗೆ ಮಾತ್ರ ಎಂದರು ಎಲ್ಲರೂ. ಸಾಹೇಬರು ಇಂದು ಬರುತ್ತೇನೆಂದು ನಾಳೆ ಮಾಡಿದರು, ನಾಳೆಯನ್ನು ಮುಂದಿನ ವಾರ ಮಾಡಿದರು.

ಕೊನೆಗೂ ಬಂದರು. ಸಂಗಯ್ಯ ಎಂದು ಹೆಸರು, ಬನವಾಸಿ ಕಡೆಯವರು, ಒಳ್ಳೆಯ ಮನುಷ್ಯರೇ. ಊರೆಲ್ಲ ಉಸಿರು ಹಿಡಿದು ನಿಂತಾಗ ನಾನು ಬಟನ್ ಒತ್ತಿದೆ. ಹುಚ್ಚಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆ ದರಿದ್ರ ಯಂತ್ರ, ಅಷ್ಟು ತಿಂಗಳು ನಮ್ಮ ಹೊಟ್ಟೆ ಉರಿಸಿದ್ದು, ಸಾಹೇಬರ ಮುಖ ಕಂಡಿದ್ದೇ ತಡ ಎದ್ದು ಕುಳಿತಿತು. ಪರದೆ ಬೆಳಗುತ್ತಿದೆ, ಹುಚ್ಚಣ್ಣನ ಎಲೆ ಇನ್ನೂ ಕೈಯಲ್ಲೇ ಇದೆ. ಸುಭಾಷ ತಲೆಯ ಮೇಲೆ ಕೈ ಹೊತ್ತುಕೊಂಡ. ನಾನು ಗೋಡೆ ತೋರಿಸಿದೆ. ಸಂಗಯ್ಯನವರು ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು.

"ಛಲೋ ಐತ್ರಿ ಮೇಡಂ, ಇಲ್ಲ ಅನ್ನಂಗಿಲ್ಲ. ಆದ್ರ ಕವಳ ಅಂದ್ರ ಎಷ್ಟ್ ಹೊತ್ರೀ? ಮ್ಯಾಲಿನವ್ರು ಕೇಳಿದ್ರ ನಾ ಏನ್ ಹೇಳ್ಲಿ? ಅಜ್ಜಾರ, ನನ್ನ ಮುಂದ ಒಂದು ಹಾಕಿ ತೋರಸ್ರಿ, ಗಡಿಯಾರ ಹಿಡೀತೀನಿ."

ಹುಚ್ಚಣ್ಣ ಎಲೆ ಮಡಚಿದ. ಸಾಹೇಬರು ಫೋನಿನಲ್ಲಿ ಗಡಿಯಾರ ತೆರೆದರು. ಕವಳ ತುಟಿಯ ಹತ್ತಿರ ಬಂದಾಗ ಜನರ ನಡುವಿನಿಂದ ಚೌಡಕ್ಕ ಬಂದು ಅವನ ಕೈ ಹಿಡಿದಳು. ಕಟ್ಟಿಕೊಂಡ ಗಂಡನ ಕೈಯನ್ನು ಊರ ಮುಂದೆ ಅವಳು ಹಿಡಿದದ್ದು ಮದುವೆಯಲ್ಲಿ ಬಿಟ್ಟರೆ ಅದೇ ಮೊದಲು.

"ಬಾಯಿ ತೆಗೀರಿ," ಎಂದಳು ಅವನಿಗೆ. "ಸಾಹೇಬ್ರೆ, ಗೋಡೆ ನೋಡಿದ್ದು ಸಾಕು, ಇದನ್ನ ನೋಡಿ. ಆ ಗೋಡೆ ಮೇಲೆ ಇಟ್ಟ ಅಷ್ಟೂ ಚುಕ್ಕಿ ಇಲ್ಲೂ ಅದೆ."

ಹುಚ್ಚಣ್ಣ ಬಾಯಿ ತೆರೆದ. ಸಂಗಯ್ಯನವರು ಫೋನಿನ ಟಾರ್ಚ್ ಹಾಕಿ ಬಗ್ಗಿ ನೋಡಿದರು. ಸುಭಾಷನನ್ನೂ ಕರೆದು ನೋಡಿಸಿದಳು, ತಿಮ್ಮನನ್ನೂ. ಒಬ್ಬೊಬ್ಬರೇ ನೋಡಿ ಬದಿಗೆ ಸರಿದರು. ಹುಚ್ಚಣ್ಣ ಬಾಯಿ ಮುಚ್ಚಿದಾಗ ಅವನ ಕಣ್ಣಲ್ಲಿ ನೀರಿತ್ತು. ಸಂಗಯ್ಯನವರು ಅಳತಿ ಸಾಕು ಎಂದು ಗಡಿಯಾರ ಆರಿಸಿದರು, ಗೋಡೆಯದೊಂದು ಬಾಯಿಯದೊಂದು ಫೋಟೋ ತೆಗೆದು ವರದಿಗೆ ಲಗತ್ತಿಸಿದರು.

ಕೆಲವು ದಿನಗಳ ಮೇಲೆ ಮೇಲಿನ ಕಚೇರಿಯಿಂದ ಫೋನ್ ಬಂತು. ಮೊದಲ ಫೋಟೋ ಅರ್ಥವಾಗಿದೆ, ಎರಡನೆಯದು ಕಂಪ್ಯೂಟರಿನ ಯಾವ ಭಾಗದ್ದು ಎಂದು ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಅದು ನಮ್ಮ ಹಾಲು ಉತ್ಪಾದಕರ ಬಾಯಿ, ನಿಮ್ಮ ಕಂಪ್ಯೂಟರಿನಿಂದ ಹೀಗಾಗಿದೆ ಎಂದು ಹೇಳಿ ಇಟ್ಟುಬಿಟ್ಟೆ. ಕಂಪ್ಯೂಟರಿನಿಂದ ಜನರ ಬಾಯಿ ಹುಣ್ಣಾಗುತ್ತದೆ ಎಂಬ ಸುದ್ದಿ ಹಬ್ಬಿದರೆ ಗತಿಯೇನು ಎಂದು ಹೆದರಿರಬೇಕು, ಮರುದಿನವೇ ಹೊಸ ಡಿಸ್ಕ್ ಬಂತು.

ಪವನ್ ಅದನ್ನು ಹಾಕಿದ. ಬೆಳಿಗ್ಗೆ ಬಟನ್ ಒತ್ತಿದೆ, ಚುಕ್ಕಿಗಳ ಉಂಗುರ ಒಂದು ಸುತ್ತು ಮುಗಿಸುವ ಮೊದಲೇ ಯಂತ್ರ ತಯಾರು. ಹುಚ್ಚಣ್ಣ ಸೊಂಟ ಮುಟ್ಟಿ ನೋಡಿಕೊಂಡ, ಸಂಚಿಯನ್ನು ಚೌಡಕ್ಕ ಕಸಿದಿಟ್ಟಿದ್ದಳು. ಗೋಡೆಯ ಹತ್ತಿರ ಹೋಗಿ ಅಂದಿನ ಸಾಲಿನ ಜಾಗವನ್ನು ಒಣ ಬೆರಳಿನಿಂದ ತೋರಿಸಿದ.

"ಇವತ್ತಿನದು ಖಾಲಿ. ಖಾಲಿ ಇದ್ರೇ ಒಳ್ಳೇದು, ತಿಳೀತಾ?" ಎಂದು ಎಲ್ಲರಿಗೂ ವಿವರಿಸಿದ.

ಹಾಲು ಕೊಟ್ಟಾದ ಮೇಲೂ ಜನ ಅಭ್ಯಾಸಬಲದಿಂದ ಸುಮ್ಮನೆ ನಿಂತಿದ್ದರು. ವ್ಯಾನಿನ ಡ್ರೈವರ್ ಕೂಡ ಇಳಿದು ಬಂದು ಏನಾಯಿತೆಂದು ವಿಚಾರಿಸಿದ.

ಕಂಪ್ಯೂಟರ್ ಸರಿಹೋಯಿತು, ಕೆಟ್ಟದ್ದು ಹುಚ್ಚಣ್ಣ. ಮೊದಲೆಲ್ಲ ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಕೈ ಸಂಚಿಗೆ ಹೋಗುತ್ತಿತ್ತು, ಕೈಯ ಹಿಂದೆ ಮೈ ಏಳುತ್ತಿತ್ತು. ಈಗ ಏಳಲು ಕಾರಣವೇ ಇಲ್ಲ. ಕವಳ ಬಿಟ್ಟ ಸಂಕಟಕ್ಕೆ ಕಂಬಳಿ ಎಳೆದುಕೊಂಡು ಮಲಗಿಬಿಡುತ್ತಿದ್ದ. ಸಾಲಿನಲ್ಲಿ ಹಾಲು ಹಿಡಿದು ನಿಲ್ಲುವವಳು ಚೌಡಕ್ಕನಾದಳು.

"ನಿನ್ನ ಕಂಪ್ಯೂಟರಿಗೆ ನೀನು ಹೊಸ ಸಾಮಾನು ಹಾಕಿಸ್ದೆ. ಇವರಿಗೆ ಎಂತ ಹಾಕಿಸೂದು ಹೇಳು," ಎಂದು ನನ್ನನ್ನೇ ಕೇಳಿದಳು.

ಡಬ್ಬಿಯಲ್ಲಿ ಉಳಿದ ಸುಣ್ಣ ಹಾಳಾಗಬಾರದೆಂದು ಅವಳು ಅಡುಗೆಮನೆಯ ಗೋಡೆಯ ಮೇಲೆ ಶುರುಮಾಡಿದ್ದಳು. ಗಂಡನನ್ನು ಒಮ್ಮೆ ಕೂಗಿದರೆ ಒಂದು ಚುಕ್ಕಿ, ಏಳದಿದ್ದರೆ ಮತ್ತೊಮ್ಮೆ ಕೂಗು, ಅದರ ಮೇಲೆ ಇನ್ನೊಂದು. ದಿನಕ್ಕೊಂದು ಸಾಲು. ಮೊದಲ ವಾರ ಚುಕ್ಕಿಗಳು ಒಲೆಯ ಮೇಲಿನ ಅಟ್ಟದವರೆಗೆ ಹೋಗಿದ್ದವು, ಮಣೆ ಹಾಕಿಕೊಂಡು ಇಡಬೇಕಾಯಿತಂತೆ. ಬೆಳಿಗ್ಗೆ ಡೇರಿಯಲ್ಲಿ ಇವತ್ತೆಷ್ಟು ಎಂದು ಜನ ಕೇಳುತ್ತಿದ್ದರು. ಇಳೀತಾ ಅದೆ ಎಂದು ಅವಳು ಹೇಳಿದರೆ ಸುಭಾಷನಿಗೂ ಸಮಾಧಾನ.

ಒಂದು ಬೆಳಿಗ್ಗೆ ಆ ಮನೆಯ ಹಾಲೇ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ತಪ್ಪದ ಹಾಲು. ವ್ಯಾನ್ ಕಳಿಸಿ ನಾನು ಬೀಗವನ್ನೂ ಹಾಕದೆ ಓಡಿದೆ. ಬಾಗಿಲು ತೆರೆದಿತ್ತು. ಕೂಗಿದೆ, ಓ ಎನ್ನುವವರಿಲ್ಲ. ಒಲೆ ತಣ್ಣಗಿತ್ತು. ಗೋಡೆಯ ಮೇಲೆ ಸುಣ್ಣದ ಸಾಲುಗಳು ಇಳಿಯುತ್ತ ಇಳಿಯುತ್ತ ಬಂದು, ನಿನ್ನೆಯದು ಒಂದೇ ಚುಕ್ಕಿ. ಇವತ್ತಿನದು ಖಾಲಿ. ಖಾಲಿ ಇದ್ದರೆ ಒಳ್ಳೆಯದು ಎಂದು ಊರಿಗೆಲ್ಲ ಕಲಿಸಿದವನು ಅವನೇ, ಆದರೂ ನಾನು ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಕರೆದರೂ ಏಳದವನ ಸಾಲು ಹೇಗಿರುತ್ತದೆ? ಕರೆಯುವುದನ್ನೇ ಬಿಟ್ಟರೆ ಅದೂ ಖಾಲಿಯೇ ಅಲ್ಲವೇ?

ಕೊಟ್ಟಿಗೆಯಲ್ಲಿ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಹುಚ್ಚಣ್ಣ ಎಮ್ಮೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದ.

"ಮೆಲ್ಲಗೆ ಮಾತಾಡು ತಂಗಿ. ನಿನ್ನೆ ಡಾಕ್ಟರು ಬಾಯಿ ನೋಡಿ, ಪಟ್ಟೆ ಮಾಸ್ತಾ ಅದೆ, ಹೆದ್ರೂದು ಬೇಡ ಅಂದ್ರು. ಇವಳು ಬಸ್ಸಲ್ಲೇ ನಿದ್ದೆ ಹೋದ್ಲು. ಮನೆಗೆ ಬಂದು ಮಲಗಿದವಳು ಇನ್ನೂ ಎದ್ದಿಲ್ಲ."

ಹಾಗಾದರೆ ನೀನು ಕರೆದು ಎಬ್ಬಿಸಬಾರದಿತ್ತೇ, ಹಾಲು ಹಾಳಾಯಿತಲ್ಲ ಎಂದು ಬೈದೆ. ಅಷ್ಟು ಹೆದರಿ ಓಡಿಬಂದವಳು ಬೈಯದೆ ಬೇರೆ ಏನು ಮಾಡಲಿ.

ಅವನು ಒಳಗಿನ ಕೋಣೆಯ ಕಡೆ ನೋಡಿದ. ಆಮೇಲೆ ಪಾತ್ರೆಯ ಕಡೆ ತಿರುಗಿದ.

"ಮಲಗಲಿ," ಎಂದ. "ಅವಳು ಏಳೂದನ್ನ ನಾನು ಅಳೆಯೂದಿಲ್ಲ."